ಪಿಗ್ಮಿಯ ಊರಿನಲ್ಲಿ ನೂರು ಪಟ್ಟು

ಉಡುಪಿಯವರು ಎರಡು ಕಸುಬಿನಲ್ಲಿ ಗಟ್ಟಿಗರು. ಒಂದು ಹೋಟೆಲು, ಇನ್ನೊಂದು ಬ್ಯಾಂಕು. ಹೋಟೆಲುಗಳು ಹೇಗೋ ಉಳಿದುಕೊಂಡಿವೆ, ಸಾಂಬಾರಿಗೆ ವಿಲೀನದ ಆದೇಶ ಅನ್ವಯವಾಗುವುದಿಲ್ಲವಲ್ಲ. ಬ್ಯಾಂಕುಗಳ ಕಥೆ ಬೇರೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಶುರು ಮಾಡಿದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನ ಹೊಟ್ಟೆ ಸೇರಿತು. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಕೆನರಾ ಬ್ಯಾಂಕಿನಲ್ಲಿ ಕರಗಿತು. ಎರಡೂ ಒಂದೇ ದಿನ, 2020ರ ಏಪ್ರಿಲ್ 1ರಂದು. ಆ ತಾರೀಕು ಆರಿಸಿದ ಅಧಿಕಾರಿ ಯಾರೋ, ಹಾಸ್ಯಪ್ರಜ್ಞೆ ಇದ್ದವರೇ ಇರಬೇಕು.

ಆ ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಎಂಬ ಉಪಾಯ ಹೂಡಿದ್ದರು. ದಿನಕ್ಕೆ ಎರಡಾಣೆ. ನೀವು ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿಲ್ಲ, ಏಜೆಂಟರೇ ಚೀಲ ನೇತುಹಾಕಿಕೊಂಡು ನಿಮ್ಮ ಜಗಲಿಗೆ ಬರುತ್ತಾರೆ. ಅಂಗಡಿಯವರು, ಮೀನು ಮಾರುವವರು, ಕೂಲಿಯವರು, ಯಾರಾದರೂ ಸರಿ. ಎರಡಾಣೆ ಕೊಟ್ಟರೆ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಪಕ್ಕದ ಮನೆಗೆ ಹೋಗುತ್ತಿದ್ದರು. ವರ್ಷಗಳು ಕಳೆದ ಮೇಲೆ ಆ ಎರಡಾಣೆಗಳೆಲ್ಲ ಸೇರಿ ಮಗಳ ಮದುವೆಯೋ ಮಾಡಿನ ಹಂಚೋ ಆಗಿ ವಾಪಸು ಬರುತ್ತಿದ್ದವು. ತುಂಬ ನಿಧಾನದ ವ್ಯವಹಾರ. ರೀಲ್ಸ್ ಮಾಡಲು ಅದರಲ್ಲಿ ಏನೂ ಇರಲಿಲ್ಲ.

ಇಂಥ ಊರಿನಲ್ಲಿ ಬ್ಯಾಂಕಿನ ಜಾಗ ಬಹುಕಾಲ ಖಾಲಿ ಬಿದ್ದಿರಲು ಸಾಧ್ಯವೆ? ಬಂತು ಹೊಸ ಸಂಸ್ಥೆ, ಫೋನಿನೊಳಗಿನ ಕ್ರಿಪ್ಟೋ ಆಪು. ಅದಕ್ಕೆ ಕಟ್ಟಡವಿಲ್ಲ, ಮ್ಯಾನೇಜರಿಲ್ಲ, ಊಟದ ವಿರಾಮವಿಲ್ಲ, ಎರಡನೇ ಶನಿವಾರವಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ. ಇಡಬೇಕಾದ್ದು ಕಾಯಿನ್, ಆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವ ನಾಣ್ಯ ನೋಡಲೇಬೇಕೆಂದಿದ್ದರೆ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಸಂಗ್ರಹಾಲಯ ಮಾಡಿದ್ದಾರೆ, ಅಲ್ಲಿಗೆ ಹೋಗಿ. ಹಳೆಯ ಕಾಲದ ಪದ್ಧತಿ ಹೇಗಿತ್ತೆಂದು ತಿಳಿಯುತ್ತದೆ.

ಈ ಹೊಸ ಬ್ಯಾಂಕಿಂಗಿನಲ್ಲಿ ನನ್ನ ಗುರು ಅಕ್ಕನ ಮಗ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಓದುತ್ತಾನೆ ಎಂಬುದು ಅಕ್ಕನ ಹೇಳಿಕೆ. ನಾನು ನೋಡಿದಾಗಲೆಲ್ಲ ಅವನ ಮುಂದೆ ಎರಡು ಪರದೆ ಇರುತ್ತವೆ, ಒಂದರಲ್ಲಿ ಮೇಷ್ಟ್ರು ಮಾತಾಡುತ್ತಿರುತ್ತಾರೆ, ಇನ್ನೊಂದರಲ್ಲಿ ಕೆಂಪು ಹಸಿರು ಕಡ್ಡಿಗಳು ಕುಣಿಯುತ್ತಿರುತ್ತವೆ. ಮೇಷ್ಟ್ರ ಶಬ್ದ ಬಂದ್ ಮಾಡಿರುತ್ತಾನೆ.

"ಮಾಮ, ನಿಮ್ಮ ಹತ್ರ ಹತ್ತು ಸಾವಿರ ಉಂಟು ಅಂತ ಇಟ್ಕೊಳ್ಳಿ. ಹಂಡ್ರೆಡ್ ಎಕ್ಸ್ ಹಾಕಿದ್ರೆ ಹತ್ತು ಲಕ್ಷದ್ದು ಬಿಟ್‌ಕಾಯಿನ್ ನಿಮ್ಮ ಕೈಯಲ್ಲಿ."

"ಉಳಿದ ಒಂಬತ್ತು ಲಕ್ಷ ತೊಂಬತ್ತು ಸಾವಿರ ಯಾರದ್ದು ಮಾರಾಯ?"

"ಆಪಿಂದು."

"ಜಾಮೀನು?"

"ಬೇಡ."

"ಆರ್‌ಟಿಸಿ, ಅಡವು ಪತ್ರ?"

"ಎಂತ ಮಾಮ ನೀವು! ಸ್ಲೈಡರ್ ಉಂಟು, ಎಳೆದ್ರೆ ಆಯ್ತು."

ನಮ್ಮ ತಂದೆಯವರು ಪಂಪ್‌ಸೆಟ್ಟಿಗೆ ಸಾಲ ಕೇಳಿದಾಗ ಇಬ್ಬರು ಜಾಮೀನುದಾರರು, ತೆಂಗಿನ ಮರಗಳ ಲೆಕ್ಕ, ಬಾವಿಯ ಆಳ ಎಲ್ಲ ಕೇಳಿದ್ದರು. ಬಾವಿಗೆ ಅಷ್ಟು ವಿಚಾರಣೆ. ಇಲ್ಲಿ ಆಳ ಕೇಳುವವರೇ ಇಲ್ಲ, ನೇರ ಹಾರುವುದೇ.

ಲೆಕ್ಕ ಸರಳ. ಬಿಟ್‌ಕಾಯಿನ್ ನೂರಕ್ಕೆ ಒಂದು ಏರಿದರೆ ಹತ್ತು ಸಾವಿರ ಇಪ್ಪತ್ತು ಸಾವಿರವಾಗುತ್ತದೆ. ಒಂದು ಇಳಿದರೆ ಹತ್ತು ಸಾವಿರ ಸೊನ್ನೆ. ಸರಿಯಾಗಿ ಹೇಳಬೇಕೆಂದರೆ ಒಂದು ಇಳಿಯುವ ತನಕ ಆಪು ಕಾಯುವುದೂ ಇಲ್ಲ. ತನ್ನ ದುಡ್ಡಿಗೆ ಸುತಾರಾಂ ಪೆಟ್ಟಾಗಬಾರದೆಂದು ಅರ್ಧದಷ್ಟು ಇಳಿಯುವಾಗಲೇ ನಿಮ್ಮದನ್ನು ಮಾರಿ ಕೈತೊಳೆಯುತ್ತದೆ. ಇದಕ್ಕೆ ಲಿಕ್ವಿಡೇಷನ್ ಎನ್ನುತ್ತಾರೆ. ಬಿಟ್‌ಕಾಯಿನ್ ನೂರಕ್ಕೆ ಅರ್ಧ ಅಲ್ಲಾಡುವುದು ದೊಡ್ಡ ಸಂಗತಿಯೇನಲ್ಲ. ಹೋಟೆಲಿನಲ್ಲಿ ಚಾ ಆರ್ಡರ್ ಮಾಡಿ ಅದು ಬರುವುದರೊಳಗೆ ಎಷ್ಟೋ ಸಲ ಆಗಿಹೋಗುತ್ತದೆ.

ಇಷ್ಟೇ ಆಗಿದ್ದರೆ ಧೈರ್ಯವಂತರ ಆಟ ಎಂದು ಬಿಟ್ಟುಬಿಡಬಹುದಿತ್ತು. ನನಗೆ ಮೆಚ್ಚುಗೆಯಾದದ್ದು ಅದರ ಫೀಸಿನ ಕಲೆ. "ಫೀಸು ಏನೂ ಇಲ್ಲ ಮಾಮ, ನೂರು ರೂಪಾಯಿಗೆ ಐದು ಪೈಸೆ" ಎಂದ ಹುಡುಗ. ಐದು ಪೈಸೆ! ಈಗ ಭಿಕ್ಷುಕರೂ ಮುಟ್ಟದ ನಾಣ್ಯ. ಆದರೆ ಆ ಐದು ಪೈಸೆ ಬೀಳುವುದು ನಿಮ್ಮ ಹತ್ತು ಸಾವಿರದ ಮೇಲಲ್ಲ, ಆಪು ಕೊಟ್ಟ ಹತ್ತು ಲಕ್ಷದ ಮೇಲೆ. ಕೊಳ್ಳುವಾಗ 500 ರೂಪಾಯಿ, ಮಾರುವಾಗ 500. ಅದಕ್ಕೆ ನೂರಕ್ಕೆ 18ರಂತೆ ಜಿಎಸ್‌ಟಿ ಸೇರಿಸಿದರೆ 1,180. ಬೆಲೆ ಇದ್ದಲ್ಲೇ ಇತ್ತು, ನೀವು ಗೆಲ್ಲಲಿಲ್ಲ, ಸೋಲಲಿಲ್ಲ, ಸುಮ್ಮನೆ ಒಳಗೆ ಹೋಗಿ ಹೊರಗೆ ಬಂದಿರಿ. ಹತ್ತು ಸಾವಿರದಲ್ಲಿ ಉಳಿದದ್ದು 8,820. ಹೀಗೆ ಎಂಟು ಸಲ, ಪ್ರತಿಸಲವೂ ಉಳಿದದ್ದಕ್ಕೆ ನೂರು ಪಟ್ಟು ಹಾಕಿ ಓಡಾಡಿದರೆ ಕೈಯಲ್ಲಿರುವುದು 3,660ರ ಆಸುಪಾಸು. ಯಾರೂ ಮೋಸ ಮಾಡಿಲ್ಲ, ಬೆಲೆ ಒಂದು ರೂಪಾಯಿ ಬಿದ್ದಿಲ್ಲ. ಬಾಗಿಲ ಹತ್ತಿರ ಓಡಾಡಿದ್ದಕ್ಕೆ ಇಷ್ಟು.

ಇಷ್ಟಕ್ಕೇ ಮುಗಿಯಲಿಲ್ಲ. ಏರುತ್ತದೆ ಎನ್ನುವವರ ಗುಂಪು ಜೋರಾಗಿದ್ದಾಗ ಅವರು ಇಳಿಯುತ್ತದೆ ಎನ್ನುವವರಿಗೆ ಎಂಟೆಂಟು ಗಂಟೆಗೆ ಒಮ್ಮೆ ಕಾಣಿಕೆ ಸಲ್ಲಿಸಬೇಕು. ಫಂಡಿಂಗ್ ಎಂದು ಹೆಸರು. ಮಾರುಕಟ್ಟೆ ಶಾಂತವಾಗಿದ್ದಾಗ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದು ರೂಪಾಯಿ, ಅಂದರೆ ನಮ್ಮ ಹತ್ತು ಲಕ್ಷಕ್ಕೆ ನೂರು. ದೊಡ್ಡ ಎಕ್ಸ್‌ಚೇಂಜುಗಳಲ್ಲಿ ಇದರ ಹೊತ್ತು ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ 5.30, ಮಧ್ಯಾಹ್ನ 1.30, ರಾತ್ರಿ 9.30. ಮಠದ ಊರಿಗೆ ತಕ್ಕ ಏರ್ಪಾಡು, ತ್ರಿಕಾಲವೂ ಸೇವೆ ತಪ್ಪುವುದಿಲ್ಲ. ಪಿಗ್ಮಿ ಏಜೆಂಟರು ದಿನಕ್ಕೆ ಒಮ್ಮೆ ಬಂದು ಎರಡಾಣೆ ಕೊಂಡುಹೋಗಿ, ಒಂದು ದಿನ ಬಡ್ಡಿ ಸಮೇತ ತಂದುಕೊಡುತ್ತಿದ್ದರು. ಹೊಸ ಯೋಜನೆಯಲ್ಲಿ ಕೊಂಡುಹೋಗುವ ಭಾಗ ಮಾತ್ರ ಜಾರಿಗೆ ಬಂದಿದೆ.

ಹುಡುಗ ಆಡುವ ಈ ಆಟಕ್ಕೆ ಅವಧಿಯಿಲ್ಲದ ಫ್ಯೂಚರ್ಸ್ ಎಂದು ಹೆಸರು. ಅದರ ಮೂಲ ಕಲ್ಪನೆ 1990ರ ದಶಕದ ಆರಂಭದಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ ಅವರದು. ಮನೆಯ ಬೆಲೆ ಬಿದ್ದರೆ ಜನರಿಗೆ ರಕ್ಷಣೆ ಸಿಗಲಿ ಎಂಬಂಥ ಸದುದ್ದೇಶ. ಅವರಿಗೆ 2013ರಲ್ಲಿ ನೊಬೆಲ್ ಬಂತು. ಅದನ್ನು 2016ರಲ್ಲಿ ಬಿಟ್‌ಕಾಯಿನ್ನಿಗೆ ಜೋಡಿಸಿ, ನೂರು ಪಟ್ಟಿನ ಗುಂಡಿಯಿಟ್ಟು ಜಗತ್ತಿಗೆ ಹಂಚಿದ್ದು ಬಿಟ್‌ಮೆಕ್ಸ್ ಕಂಪನಿ. ಅದರ ಸಂಸ್ಥಾಪಕರಲ್ಲೊಬ್ಬರಾದ ಆರ್ಥರ್ ಹೇಯ್ಸ್ ಗಿರಾಕಿಗಳು ಯಾರೆಂದು ಪರಿಶೀಲಿಸುವ ವ್ಯವಸ್ಥೆ ಇಡದ ತಪ್ಪನ್ನು 2022ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಆರು ತಿಂಗಳು ಮನೆಯಲ್ಲೇ ಬಂಧನ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನವನ್ನೂ ಕೊಟ್ಟರು. ಗುಂಡಿ ಮಾಡಿದವರಿಗೆ ಕ್ಷಮೆ ಉಂಟು. ಒತ್ತಿದವರಿಗೆ ಅಂಥ ಸೌಲಭ್ಯ ಇನ್ನೂ ಬಂದಿಲ್ಲ.

ಹುಡುಗನಿಗೆ ಈ ವಿದ್ಯೆಯನ್ನು ತಾಯಿಗೂ ಕಲಿಸಬೇಕೆಂಬ ಆಸೆ ಹುಟ್ಟಿತು. ಅಕ್ಕನ ಮನೆ ಕಾಪು ಕಡೆಯ ಶಂಕರಪುರದಲ್ಲಿ. ಮನೆಯ ಸುತ್ತ ಮಲ್ಲಿಗೆ ಗಿಡ. ಏರಿಳಿತದ ಮಾರುಕಟ್ಟೆ ಎಂದರೆ ಏನೆಂದು ಆ ಊರಿನ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಹೂವಿಗೆ ದಿನಾ ದರ ನಿಗದಿಯಾಗುತ್ತದೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ಅಟ್ಟೆಗೆ ಚಿನ್ನದ ಗತ್ತು, ಮುಹೂರ್ತಗಳು ಮುಗಿದರೆ ಕೇಳುವವರಿಲ್ಲ. ಅಕ್ಕ ಬೆಳಗಾತ ಮೊಗ್ಗು ಕೊಯ್ದು ತಂದು, ಜಗಲಿಯಲ್ಲಿ ಕಾಲು ಚಾಚಿ, ಒದ್ದೆ ಬಾಳೆನಾರಿಗೆ ಹೂ ಕಟ್ಟುತ್ತಿದ್ದಳು. ಹೊತ್ತೇರುವ ಮೊದಲು ಏಜೆಂಟರಿಗೆ ಮುಟ್ಟಿಸಬೇಕು, ಆದ್ದರಿಂದ ಕೈ ನಿಲ್ಲುವಂತಿಲ್ಲ.

"ಅಮ್ಮ, ನಿನ್ನ ಹತ್ರ ಒಂದು ಅಟ್ಟೆ ಉಂಟಲ್ಲ, ಅದನ್ನು ಇಟ್ಟು ನೂರು ಅಟ್ಟೆ ನಿನ್ನದು ಅಂತ ಮಾಡ್ಲಿಕ್ಕೆ ಆಗ್ತದೆ."

"ನೂರು ಅಟ್ಟೆ ಕಟ್ಟುವುದು ಯಾರು, ನಿನ್ನ ಅಪ್ಪನಾ?"

"ಕಟ್ಲಿಕ್ಕಿಲ್ಲ. ಹೂವೇ ಇಲ್ಲ."

"ಹೂವಿಲ್ಲದ್ದಕ್ಕೆ ದರ ಎಂತದ್ದು?"

"ದರ ಮಾತ್ರ ಇರುವುದಮ್ಮ. ನಾಳೆ ಏರಿದ್ರೆ ನೂರು ಅಟ್ಟೆಯ ಲಾಭ ನಿನಗೆ."

"ಇಳಿದ್ರೆ?"

"ನೂರು ರೂಪಾಯಿಗೆ ಒಂದು ಇಳಿದ್ರೆ ನಿನ್ನ ಅಟ್ಟೆ ಹೋಗ್ತದೆ."

ಅಕ್ಕ ಒಂದು ಚೆಂಡು ಮುಗಿಸಿ ನಾರು ಕಚ್ಚಿ ತುಂಡು ಮಾಡಿದಳು. "ನಾಡಿದ್ದು ಮುಹೂರ್ತ ಉಂಟು, ದರ ಏರಿಯೇ ಏರ್ತದೆ. ನಾಳೆ ಸ್ವಲ್ಪ ಇಳಿದ್ರೆ ಇಳಿಲಿ."

"ನಾಳೆ ಇಳಿದ್ರೆ ಆಪಿನವ ನಿನ್ನ ಅಟ್ಟೆ ನಾಳೆಯೇ ತಕ್ಕೊಂಡು ಹೋಗ್ತಾನೆ."

"ನಾಡಿದ್ದು ಏರಿದಾಗ?"

"ಏರ್ತದೆ. ಆದ್ರೆ ಆಗ ನಿನ್ನದು ಅಂತ ಎಂತದ್ದೂ ಇಲ್ವಲ್ಲ."

"ಅಂದ್ರೆ ನಾನು ಹೇಳಿದ್ದು ಸರಿ, ಹೂವು ಮಾತ್ರ ಅವನದ್ದು." ಅಕ್ಕ ಇನ್ನೊಂದು ನಾರು ಎತ್ತಿಕೊಂಡಳು. "ನೀನು ಫೀಸು ಕಟ್ಟಿದ್ದೀಯಾ ಇಲ್ವಾ ಕಾಲೇಜಿಗೆ?"

ನಾಲ್ಕು ಸೆಮಿಸ್ಟರಿನಲ್ಲಿ ಹುಡುಗನಿಗೆ ಹೊಳೆಯದೇ ಇದ್ದದ್ದು ಜಗಲಿಯಲ್ಲಿ ನಾಲ್ಕು ಪ್ರಶ್ನೆಗೆ ಹೊರಬಿತ್ತು. ಈ ಮಾರುಕಟ್ಟೆಯಲ್ಲಿ ತಪ್ಪು ಹೇಳಿದವನು ಮುಳುಗುವುದು ಸಹಜ, ಸರಿ ಹೇಳಿದವನೂ ಮುಳುಗುತ್ತಾನೆ. ಅವನ ಭವಿಷ್ಯ ನಿಜವಾಗುತ್ತದೆ, ಅವನ ಹಣ ಹೋಗಿ ಒಂದು ದಿನವಾದ ಮೇಲೆ.

ಜೂಜಿನ ಮಾತು ಬಂದರೆ ಧರ್ಮರಾಯನ ಹೆಸರು ಎಲ್ಲರೂ ಎತ್ತುತ್ತಾರೆ. ನನ್ನ ಪ್ರಕಾರ ಅದು ಅನ್ಯಾಯ. ಅವನು ಇದ್ದದ್ದನ್ನೇ ಒಂದೊಂದಾಗಿ ಇಟ್ಟು ಸೋತ. ಆದ್ದರಿಂದಲೇ ಯಕ್ಷಗಾನದಲ್ಲಿ ದ್ಯೂತದ ಪ್ರಸಂಗ ಅಷ್ಟು ಹೊತ್ತು ಹಿಡಿಯುತ್ತದೆ, ಶಕುನಿಗೂ ಅರ್ಥ ಹೇಳಲು ಅವಕಾಶ ಸಿಗುತ್ತದೆ. ಅವನಿಗೆ ನೂರು ಪಟ್ಟು ಸಿಕ್ಕಿದ್ದರೆ ಆಟ ಪೂರ್ವರಂಗದಲ್ಲೇ ಮುಗಿದು, ಪ್ರೇಕ್ಷಕರು ಹತ್ತೂವರೆ ಬಸ್ಸಿಗೆ ಮನೆ ಸೇರುತ್ತಿದ್ದರು.

ಕಾಪುವಿನ ಮಾತು ಬಂದದ್ದಕ್ಕೆ ಇನ್ನೊಂದು. ಅಲ್ಲಿನ ದೀಪಸ್ತಂಭ 1901ರದ್ದು. ಇಲ್ಲಿ ಬಂಡೆ ಉಂಟು, ದೂರ ಹೋಗಿ ಎಂದು ನೂರಿಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದೆ. ಅದರ ಬುಡದಲ್ಲೇ ನಿಂತು, ಅದನ್ನೇ ಹಿನ್ನೆಲೆಯಾಗಿಟ್ಟುಕೊಂಡು, ಕಪ್ಪು ಕನ್ನಡಕದ ಗುರುಗಳೊಬ್ಬರು ಬನ್ನಿ ಬನ್ನಿ ಎಂದು ರೀಲ್ಸ್ ಮಾಡುತ್ತಾರೆ. ಅಳಿಯನ ಹಾಸ್ಟೆಲಿನಲ್ಲಿ ಅವರಿಗೆ ದೊಡ್ಡ ಭಕ್ತವೃಂದ. ಗುರುಗಳು ಟೆಲಿಗ್ರಾಂ ಗುಂಪಿನಲ್ಲಿ ದಿನಕ್ಕೆ ಹತ್ತಾರು 'ಕಾಲ್' ಕೊಡುತ್ತಾರೆ, ಹಣ ಕೇಳುವುದಿಲ್ಲ. ನಿಷ್ಕಾಮ ಸೇವೆ. ಒಂದೇ ಷರತ್ತು, ಅವರ ಲಿಂಕ್ ಒತ್ತಿ ಖಾತೆ ತೆರೆಯಬೇಕು. ಆಮೇಲೆ ಶಿಷ್ಯರು ಕಟ್ಟುವ ಫೀಸಿನಲ್ಲಿ ಒಂದು ಪಾಲು ಗುರುಗಳ ಖಾತೆಗೆ ಹರಿಯುತ್ತದೆ. ಶಿಷ್ಯ ಗೆದ್ದರೂ ಪಾಲು, ಸೋತರೂ ಪಾಲು. ಶಿಷ್ಯ ಸುಮ್ಮನೆ ಕೂತರೆ ಮಾತ್ರ ಇಲ್ಲ. ಆದ್ದರಿಂದ ಸುಮ್ಮನೆ ಕೂರುವುದನ್ನು ಗುರುಗಳು ಹೇಡಿತನ ಎಂದು ಕರೆಯುತ್ತಾರೆ.

ಈಗ 2025ರ ಅಕ್ಟೋಬರ್‌ಗೆ ಬರೋಣ. 6ನೇ ತಾರೀಕಿಗೆ ಬಿಟ್‌ಕಾಯಿನ್ 1,26,000 ಡಾಲರ್ ದಾಟಿತ್ತು. ನಮ್ಮ ಹುಡುಗ ನೂರು ಪಟ್ಟು ಬಿಟ್ಟು ಇಪ್ಪತ್ತಕ್ಕೆ ಇಳಿದಿದ್ದ. ಜವಾಬ್ದಾರಿ ಬಂದಿದೆ ಎಂದು ತಾನೇ ಹೇಳಿಕೊಂಡ. ಲ್ಯಾಪ್‌ಟಾಪಿಗೆಂದು ಅಕ್ಕ ಕೊಟ್ಟ ಹಣ ಆ ಜವಾಬ್ದಾರಿಯಲ್ಲಿ ಸೇರಿತ್ತು. 11ರ ನಸುಕಿನ ಎರಡೂಕಾಲು ಎರಡೂವರೆಯ ಹೊತ್ತು. ಮೇಳಗಳ ತಿರುಗಾಟ ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಜಿಲ್ಲೆಯಲ್ಲಿ ಚೆಂಡೆಯ ಸದ್ದೂ ಇಲ್ಲ. ಮಲ್ಪೆಯ ಬೋಟುಗಳು ಕಡಲಲ್ಲಿದ್ದವು. ಹುಡುಗ ಮಲಗಿದ್ದ. ವಾಷಿಂಗ್ಟನ್ನಿನಲ್ಲಿ ಮಾತ್ರ ಇನ್ನೂ ಸಂಜೆ. ಟ್ರಂಪ್ ಚೀನಾದ ಸರಕಿನ ಮೇಲೆ ಇನ್ನೂ ನೂರಕ್ಕೆ ನೂರು ಸುಂಕ ಹೇರುತ್ತೇನೆಂದು ಬರೆದು ಗುಂಡಿ ಒತ್ತಿದರು.

ಮುಂದಿನದು ಸುಂಕದ ಕೆಲಸವಲ್ಲ, ಸ್ಲೈಡರಿನ ಕೆಲಸ. ಬೆಲೆ ಸ್ವಲ್ಪ ಇಳಿಯಿತು, ನೂರು ಪಟ್ಟಿನವರ ಖಾತೆಗಳನ್ನು ಆಪುಗಳು ಬಲವಂತವಾಗಿ ಮಾರಿದವು. ಆ ಮಾರಾಟದಿಂದ ಬೆಲೆ ಇನ್ನಷ್ಟು ಇಳಿಯಿತು, ಐವತ್ತು ಪಟ್ಟಿನವರ ಸರದಿ ಬಂತು. ಅವರದ್ದು ಮಾರಿದ್ದಕ್ಕೆ ಇಪ್ಪತ್ತರವರು. ಬಿಟ್‌ಕಾಯಿನ್ 1,05,000ದ ಹತ್ತಿರಕ್ಕೆ ಜಾರಿತು, ಸಣ್ಣ ಪುಟ್ಟ ಕಾಯಿನ್‌ಗಳಂತೂ ಪಾತಾಳ ಮುಟ್ಟಿ ಬಂದವು. ಇಪ್ಪತ್ತನಾಲ್ಕು ಗಂಟೆಯಲ್ಲಿ ಜಗತ್ತಿನಾದ್ಯಂತ 16 ಲಕ್ಷಕ್ಕೂ ಮಿಕ್ಕಿದ ಖಾತೆಗಳಿಂದ ಸುಮಾರು 1,900 ಕೋಟಿ ಡಾಲರ್ ಗಾತ್ರದ ವ್ಯವಹಾರವನ್ನು ಹೀಗೆ ಬಲವಂತವಾಗಿ ಮುಚ್ಚಲಾಯಿತೆಂದು ಲೆಕ್ಕವಿಡುವ ಕಾಯಿನ್‌ಗ್ಲಾಸ್ ಹೇಳಿತು. ನಮ್ಮ ಹಣದಲ್ಲಿ 1.7 ಲಕ್ಷ ಕೋಟಿಯ ಹತ್ತಿರ. ಅದರಲ್ಲಿ ಜನರ ಸ್ವಂತದ್ದು ಸಣ್ಣ ಪಾಲು, ಉಳಿದದ್ದು ಪಟ್ಟಿನ ಗಾಳಿ. ಹೋದದ್ದು ಆ ಸಣ್ಣ ಪಾಲು. ಗಾಳಿಗೆ ಎಂದಾದರೂ ನಷ್ಟವಾದದ್ದುಂಟೆ?

ಇನ್ನೊಂದು ತಮಾಷೆ ನಡೆಯಿತು. ಇಳಿಯುತ್ತದೆ ಎಂದು ಸರಿಯಾಗಿ ಊಹಿಸಿ ಗೆಲ್ಲುತ್ತಿದ್ದವರ ಆಟವನ್ನೂ ಕೆಲವು ಎಕ್ಸ್‌ಚೇಂಜುಗಳು ಅರ್ಧದಲ್ಲಿ ನಿಲ್ಲಿಸಿಬಿಟ್ಟವು. ಸೋತವರಿಂದ ಕೊಡಿಸಲು ಏನೂ ಉಳಿದಿರಲಿಲ್ಲ, ಆದ್ದರಿಂದ ಗೆದ್ದವರು ಗೆದ್ದದ್ದು ಸಾಕು ಎಂದರು. ಇದಕ್ಕೂ ಒಂದು ಹೆಸರುಂಟು, ನಿಯಮಾವಳಿಯಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ. 'ಒಪ್ಪಿದ್ದೇನೆ' ಎಂಬಲ್ಲಿ ನೀವು ಒತ್ತಿರುತ್ತೀರಿ.

ಬೆಳಿಗ್ಗೆ ಹುಡುಗ ಕಣ್ಣುಜ್ಜಿಕೊಂಡು ನೋಡುವಾಗ ಬಿಟ್‌ಕಾಯಿನ್ ಒಂದಷ್ಟು ಚೇತರಿಸಿಕೊಂಡು ಮೇಲೆ ಬಂದಿತ್ತು. ಅವನ ಹಣ ಬಂದಿರಲಿಲ್ಲ. ಬಂದದ್ದು ಒಂದು ಇಮೇಲ್. ಪ್ರಿಯ ಗ್ರಾಹಕರೇ ಎಂದು ಶುರುವಾಗಿ, ನಮ್ಮೊಂದಿಗೆ ವ್ಯವಹರಿಸಿದ್ದಕ್ಕೆ ಧನ್ಯವಾದ ಎಂದು ಮುಗಿದಿತ್ತು. ಅಕ್ಕನಿಗೆ ಲ್ಯಾಪ್‌ಟಾಪ್ ಆರ್ಡರ್ ಆಗಿದೆ, ಬರಲು ತಡ ಎಂದು ಹೇಳಿದ್ದಾನೆ. ಅದು ಇನ್ನೂ ದಾರಿಯಲ್ಲಿದೆ.

ಅರ್ಧ ಕಾಣೆಯಾಗುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಕಾರ್ಕಳದ ಬೈಲೂರಿನ ಗುಡ್ಡದ ಮೇಲೆ 2023ರ ಜನವರಿಯಲ್ಲಿ ಉದ್ಘಾಟನೆಯಾದ ಪರಶುರಾಮನ ಪ್ರತಿಮೆಯ ಮೇಲ್ಭಾಗವನ್ನು ಅದೇ ವರ್ಷ ಕೆಳಗಿಳಿಸಿದರು. ಪ್ರತಿಭಟನೆ, ಪತ್ರಿಕಾಗೋಷ್ಠಿ, ತನಿಖೆ ಎಲ್ಲ ಆಯಿತು. ಆಪಿನಲ್ಲಿ ಅರ್ಧ ಕಾಣೆಯಾದರೆ ಯಾರೂ ರಸ್ತೆಗಿಳಿಯುವುದಿಲ್ಲ. 'ಹೆಲ್ದಿ ಕರೆಕ್ಷನ್' ಎನ್ನುತ್ತಾರೆ.

ಕಾನೂನು ಏನೂ ಮಾಡುವುದಿಲ್ಲ ಎಂದು ಯಾರೂ ತಿಳಿಯಬೇಡಿ. ಹಾಡಿಯೊಳಗೆ ಕೋಳಿ ಅಂಕ ಕಟ್ಟಿ ನೋಡಿ. ಪೊಲೀಸರು ಬಂದು ಬಾಜಿಯ ಹಣ, ಕಾಲಿಗೆ ಕಟ್ಟುವ ಕತ್ತಿ, ಹುಂಜ ಸಮೇತ ಎತ್ತಿಕೊಂಡು ಹೋಗುತ್ತಾರೆ, ಮರುದಿನ ಪತ್ರಿಕೆಯಲ್ಲಿ ಹುಂಜಗಳ ಸಂಖ್ಯೆಯೂ ಬರುತ್ತದೆ. ಫೋನಿನಲ್ಲಿ ಹಣ ಕಟ್ಟಿ ರಮ್ಮಿ ಆಡುವುದಕ್ಕೆ 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧದ ಮಸೂದೆ ಪಾಸು ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಬೇಸರ ಬೇಡ, ಅದೇ ಫೋನಿನಲ್ಲಿ ಬಿಟ್‌ಕಾಯಿನ್ನಿಗೆ ನೂರು ಪಟ್ಟು ಹಾಕಲು ಅಡ್ಡಿಯಿಲ್ಲ. ಅದು ಜೂಜಲ್ಲ, ಫಿನ್‌ಟೆಕ್. ಮಟ್ಕಾ ಕೂಡ ಹುಟ್ಟುವಾಗ ಇಷ್ಟೇ ಗೌರವಸ್ಥ ಮನೆತನದ್ದು. ನ್ಯೂಯಾರ್ಕಿನ ಹತ್ತಿ ದರ ಎಷ್ಟಕ್ಕೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಎಂಬುದರ ಮೇಲೆ ಮುಂಬಯಿಯಲ್ಲಿ ಬಾಜಿ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಾಗ ಮಡಕೆಯಲ್ಲಿ ಚೀಟಿ ಹಾಕಿ ಎತ್ತತೊಡಗಿದರು. ಆಗ ಮಾನ ಹೋಯಿತು. ಮಡಕೆಯ ಬದಲು ಚಾರ್ಟ್ ಇಟ್ಟಿದ್ದರೆ ಮಟ್ಕಾದವರೂ ಇಂದು ಮಣಿಪಾಲಕ್ಕೆ ಕ್ಯಾಂಪಸ್ ನೇಮಕಾತಿಗೆ ಬರುತ್ತಿದ್ದರೇನೋ.

ಸರಕಾರ ಬಾಯಿಬಿಟ್ಟು ಏನನ್ನೂ ಹೇಳದಿದ್ದರೂ ತೆರಿಗೆಯ ದರದಲ್ಲಿ ಹೇಳಿದೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ನೂರಕ್ಕೆ 30. ಲಾಟರಿಗೆ, ಕುದುರೆ ಜೂಜಿಗೆ ಎಷ್ಟೋ ಅಷ್ಟೇ.

ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ನೋಡಿಕೊಳ್ಳಲು ಸೆಬಿ ಇದೆ. ಅದು ಲೆಕ್ಕ ಹಾಕಿ ಹೇಳಿತು: 2024-25ರಲ್ಲಿ ಅಲ್ಲಿ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 91 ಮಂದಿ ಸೋತರು, ಒಟ್ಟು ನಷ್ಟ ಒಂದು ಲಕ್ಷ ಕೋಟಿ ರೂಪಾಯಿಗೂ ಮೇಲೆ. ಅಲ್ಲಿ ಸಂಜೆ ಗಂಟೆ ಬಾರಿಸಿ ಬಾಗಿಲು ಹಾಕುತ್ತಾರೆ, ಪಟ್ಟಿಗೂ ಮಿತಿ ಇಟ್ಟಿದ್ದಾರೆ. ಕ್ರಿಪ್ಟೋಗೆ ಬಾಗಿಲೂ ಇಲ್ಲ, ಮಿತಿಯೂ ಇಲ್ಲ, ಸೆಬಿಯೂ ಇಲ್ಲ. ಲೆಕ್ಕ ಹಾಕುವವರೇ ಇಲ್ಲದ ಮೇಲೆ ನಷ್ಟವೂ ಇಲ್ಲ ಎಂದೇ ಅರ್ಥವಲ್ಲವೆ.

ಹುಡುಗರನ್ನು ಮಾತ್ರ ಬೈದರೆ ತಪ್ಪಾಗುತ್ತದೆ. ಕಾರ್ಕಳದ ನನ್ನ ಸ್ನೇಹಿತರೊಬ್ಬರು ಮುಂಬಯಿಯಲ್ಲಿ ಹೋಟೆಲ್ ನಡೆಸಿ, ಅದನ್ನು ಮಗನಿಗೆ ವಹಿಸಿ ಊರಿಗೆ ಬಂದವರು. ವಯಸ್ಸು ಅರವತ್ತೆರಡು. ಸಾಲದ ಆಟ ಅವರಿಗೆ ಸೇರುವುದಿಲ್ಲ. "ಸ್ಪಾಟ್ ಮಾತ್ರ, ನಮ್ಮ ಹಣದಲ್ಲಿ ನಮ್ಮ ಕಾಯಿನ್" ಎನ್ನುತ್ತಾರೆ. ಅವರ ರೋಗ ಬೇರೆ. ಜೀವಮಾನ ಗಲ್ಲಾದ ಮೇಲೆ ಕೂತವರಿಗೆ ಗಿರಾಕಿ ಬಾರದ ಹತ್ತು ನಿಮಿಷ ಸಹಿಸಲಾಗದು. ಟೇಬಲು ತಿರುಗಿದಷ್ಟೂ ಲಾಭ ಎಂಬುದು ರಕ್ತದಲ್ಲಿ ಇಳಿದಿದೆ. ಬೆಳಿಗ್ಗೆ ಕೊಂಡದ್ದನ್ನು ಕಾಫಿಯ ಹೊತ್ತಿಗೆ ಮಾರುತ್ತಾರೆ, ಮಾರಿದ್ದನ್ನು ಊಟಕ್ಕೆ ಮೊದಲು ಪುನಃ ಕೊಳ್ಳುತ್ತಾರೆ. ಮಲಗುವ ಮುನ್ನ ಇನ್ನೊಮ್ಮೆ, ನಿದ್ದೆ ಬಾರದಿದ್ದರೆ ಮತ್ತೊಮ್ಮೆ. "ದಿನಕ್ಕೆ ಎಷ್ಟು ಟರ್ನೋವರ್ ಗೊತ್ತುಂಟಾ?" ಎಂದು ನನ್ನನ್ನು ಕೇಳುತ್ತಾರೆ. ಟೇಬಲು ತಿರುಗುತ್ತಿರುವುದು ನಿಜ. ಹೋಟೆಲು ಇನ್ಯಾರದೋ.

ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ ಎಂಬ ಇಬ್ಬರು ಪ್ರಾಧ್ಯಾಪಕರು ಅಮೆರಿಕದ 66,465 ಕುಟುಂಬಗಳ ಷೇರು ಖಾತೆಗಳನ್ನು 1991ರಿಂದ 1996ರ ತನಕ ಜಾಲಾಡಿದ್ದರು. ಮಾರುಕಟ್ಟೆ ವರ್ಷಕ್ಕೆ ನೂರಕ್ಕೆ 17.9 ಕೊಟ್ಟ ಕಾಲದಲ್ಲಿ, ಅತಿ ಹೆಚ್ಚು ಕೊಂಡು ಮಾರಿದವರ ಕೈಗೆ ಹತ್ತಿದ್ದು 11.4. ಆಗ ಮೊಬೈಲ್ ಆಪೂ ಇರಲಿಲ್ಲ, ರಾತ್ರಿ ಎರಡಕ್ಕೆ ಮಾರುವ ಸೌಕರ್ಯವೂ ಇರಲಿಲ್ಲ. ಇದನ್ನು ಸ್ನೇಹಿತರಿಗೆ ಹೇಳಿದೆ. "ಅಮೆರಿಕದವರಿಗೆ ವ್ಯಾಪಾರ ಗೊತ್ತಿಲ್ಲ" ಎಂದರು.

ಮಠದ ಪರ್ಯಾಯಕ್ಕೆ ವರ್ಷ ಮೊದಲೇ ಬಾಳೆ ಮುಹೂರ್ತ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತ ಎಂದು ಒಂದೊಂದಕ್ಕೂ ಮುಹೂರ್ತವಿಟ್ಟು ಎರಡು ವರ್ಷದ ಊಟಕ್ಕೆ ತಯಾರಿ ಮಾಡುವ ಜಿಲ್ಲೆ ಇದು. ಅಲ್ಲಿ ಈಗ ಹದಿನೈದು ನಿಮಿಷ ಮಾರದೆ ಇಟ್ಟುಕೊಂಡವನು ದೀರ್ಘಾವಧಿ ಹೂಡಿಕೆದಾರ. ಕಾರ್ಕಳದಲ್ಲಿ 1432ರಿಂದ ಪೊಸಿಷನ್ ಬದಲಿಸದೆ ನಿಂತಿರುವುದು ಗೊಮ್ಮಟ ಒಬ್ಬನೇ. ಅವನ ಹತ್ತಿರ ಕಳೆದುಕೊಳ್ಳಲು ಬಟ್ಟೆಯೂ ಇರಲಿಲ್ಲ ಎಂಬುದು ಬೇರೆ ಮಾತು.

ಸ್ಪಾಟ್‌ನಲ್ಲಿ ಪ್ರತಿ ಸಲ ಮಾರಿದಾಗಲೂ ಮಾರಾಟದ ಮೊತ್ತದ ಮೇಲೆ ನೂರಕ್ಕೆ ಒಂದರಂತೆ ಟಿಡಿಎಸ್ ಹಿಡಿಯುತ್ತಾರೆ, 2022ರ ಜುಲೈ 1ರಿಂದ ಈ ಪದ್ಧತಿ. ಲಾಭವೋ ನಷ್ಟವೋ ಕೇಳುವುದಿಲ್ಲ. ಒಂದು ಲಕ್ಷ ಹಿಡಿದುಕೊಂಡು ನೂರು ಸಲ ಮಾರಿದರೆ, ಬೆಲೆ ಕದಲದೆ ಇದ್ದರೂ, ಕೈಯಲ್ಲಿ ಉಳಿಯುವುದು 36,600. ಉಳಿದದ್ದು ಆದಾಯ ತೆರಿಗೆ ಇಲಾಖೆಯ ಸುರಕ್ಷಿತ ಕೈಯಲ್ಲಿರುತ್ತದೆ, ರಿಟರ್ನ್ ಹಾಕಿ ಕೇಳಿ ಪಡೆಯಬೇಕು. ಸ್ನೇಹಿತರು ಅದನ್ನು ಕೇಳಿ ಪಡೆಯಲೆಂದೇ ಜುಲೈ ಕೊನೆಯ ವಾರ ಉಡುಪಿಯ ಸಿಎ ಒಬ್ಬರ ಬಳಿ ಹೋದರು, ನಾನೂ ಜೊತೆಗಿದ್ದೆ.

ಸಿಎ ಸ್ಟೇಟ್‌ಮೆಂಟ್ ತೆರೆದು ಕೆಳಗೆ ಸರಿಸಿದರು, ಇನ್ನೂ ಸರಿಸಿದರು, ಕೈ ನೋವಾದಾಗ ನಿಲ್ಲಿಸಿದರು. "ಇದಿಷ್ಟೂ ಒಂದೊಂದು ಸಾಲಾಗಿ ತುಂಬಿಸಬೇಕು. ಯಾವತ್ತು ಕೊಂಡದ್ದು, ಯಾವತ್ತು ಮಾರಿದ್ದು, ಎಷ್ಟಕ್ಕೆ." ಆಮೇಲೆ ಲಾಭದ ವ್ಯವಹಾರಗಳನ್ನೆಲ್ಲ ಕೂಡಿಸಿದರು, ಒಂದು ಲಕ್ಷ. ನಷ್ಟದವನ್ನು ಕೂಡಿಸಿದರು, ಒಂದು ಲಕ್ಷದ ಇಪ್ಪತ್ತು ಸಾವಿರ.

"ಅಂದ್ರೆ ಇಪ್ಪತ್ತು ಸಾವಿರ ಲಾಸು. ಟ್ಯಾಕ್ಸ್ ಇಲ್ಲ, ಟಿಡಿಎಸ್ ಎಲ್ಲ ವಾಪಸು ಬರ್ತದೆ" ಎಂದು ಸ್ನೇಹಿತರು ಮೊದಲ ಬಾರಿಗೆ ನಕ್ಕರು.

"ಇಲ್ಲ. ನಷ್ಟವನ್ನು ಲಾಭಕ್ಕೆ ವಜಾ ಮಾಡ್ಲಿಕ್ಕಿಲ್ಲ ಇದರಲ್ಲಿ. ಲಾಭದ ಒಂದು ಲಕ್ಷಕ್ಕೆ ಮೂವತ್ತು ಸಾವಿರ, ಸೆಸ್ಸು ಸೇರಿ 31,200. ಅಷ್ಟು ಕಳೆದು ಉಳಿದ ಟಿಡಿಎಸ್ ಮಾತ್ರ ಬರುವುದು."

"ನಂದು ನಷ್ಟ ಆದದ್ದು ಅಲ್ವಾ ಸ್ವಾಮಿ?"

ಸಿಎ ಪರದೆಯನ್ನು ಅವರ ಕಡೆ ತಿರುಗಿಸಿದರು. ಆ ಕಾಲಮ್ಮಿನ ತಲೆಯಲ್ಲೇ ಬರೆದಿತ್ತು, ನಷ್ಟವಾಗಿದ್ದರೆ ಸೊನ್ನೆ ಎಂದು ತುಂಬಿ ಅಂತ.

ಸ್ನೇಹಿತರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಹಾಗಾದ್ರೆ ಈ ಒಂದು ಲಕ್ಷದ ಇಪ್ಪತ್ತು ಸಾವಿರ ನಾನು ಎಲ್ಲಿ ತೋರಿಸುವುದು?"

"ಮನೆಯಲ್ಲಿ ತೋರಿಸಿ" ಎಂದರು ಸಿಎ. "ಅದಕ್ಕೆ ನನ್ನ ಫೀಸಿಲ್ಲ."